ಜೂಲಿಯ ಹಿಂಗಾಲಿಗಾಗಿ ಮೂರು ಊರು

ಭಾನುವಾರವೂ ಎಂದಿನಂತೆ ಐದೂವರೆಗೇ ಎದ್ದೆ. ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದೆ, ಹಾಲು ಕಾಯಿಸಿದೆ, ಡಿಕಾಕ್ಷನ್ ಇಳಿಯಲು ಬಿಟ್ಟೆ. ಆಮೇಲೆ ಜೂಲಿಯ ಹಿಂಗಾಲಿನ ಬೆರಳು ಚಿವುಟಿದೆ. ಅವಳು ತಿರುಗಿ ನೋಡಲಿಲ್ಲ. ಮೆತ್ತಗಾಯಿತೇನೋ ಎಂದು ಇನ್ನೊಮ್ಮೆ ಚಿವುಟಿದೆ. ಅವಳ ಕಣ್ಣು ಹಾಲಿನ ಪಾತ್ರೆಯ ಮೇಲೇ ಇತ್ತು.

ಜೂಲಿ ನಮ್ಮ ಏಳು ವರ್ಷದ ಡ್ಯಾಶ್‌ಹೌಂಡ್. ಉದ್ದ ಬೆನ್ನು, ಗೇಣುದ್ದದ ಕಾಲು. ಗುರುವಾರ ಸೋಫಾದಿಂದ ಕೆಳಗೆ ಹಾರಿದವಳು ಹಿಂದಿನ ಎರಡೂ ಕಾಲುಗಳನ್ನು ಎಳೆಯತೊಡಗಿದ್ದಳು. ಬೆನ್ನಿನ ಡಿಸ್ಕ್ ಜಾರಿ ನರವನ್ನು ಒತ್ತುತ್ತಿದೆ ಎಂದು ಹಾಸನದ ನಮ್ಮ ಪಶುವೈದ್ಯರು ಮಾತ್ರೆ ಕೊಟ್ಟು, ಹೆಚ್ಚು ಅಲುಗಾಡಿಸಬೇಡಿ ಎಂದಿದ್ದರು. “ಹಿಂಗಾಲು ಚಿವುಟಿ ನೋಡ್ತಾ ಇರಿ. ನೋವಾಗಿ ತಿರುಗಿ ನೋಡಿದಳೋ, ಬೆಂಗಳೂರಲ್ಲಿ ಆಪರೇಷನ್ ಮಾಡಿಸಿದ್ರೆ ನಡೆದಾಳು. ಚಿವುಟಿದಾಗ ಕಾಲನ್ನ ಸುಮ್ಮನೆ ಹಿಂದಕ್ಕೆ ಎಳ್ಕೊಂಡ್ರೆ ಲೆಕ್ಕಕ್ಕಿಲ್ಲ. ಸ್ಪರ್ಶವೇ ಹೋಗಿದ್ರೆ ಆಪರೇಷನ್ ಬರೀ ಹಿಂಸೆ. ಸೋಮವಾರ ಬೆಳಗ್ಗೆ ಹೇಳಿಬಿಡಿ, ತಡ ಮಾಡೋ ಹಾಗಿಲ್ಲ.”

ಆಪರೇಷನ್ ಎಂಬ ಮಾತು ಕಿವಿಗೆ ಬಿದ್ದಾಗಿನಿಂದ ನನಗೆ ಊಟ ಸೇರುತ್ತಿರಲಿಲ್ಲ. ಕತ್ತಿಯಿಲ್ಲದೆ ಗುಣವಾಗುತ್ತದೆ ಎಂದು ಬಂಧುಗಳು ಮೂರು ವಿಳಾಸ ಕಳಿಸಿದರು: ಹೊಳೆನರಸೀಪುರದಲ್ಲಿ ಹೋಮಿಯೋಪತಿ, ಅರಕಲಗೂಡಿನ ಹತ್ತಿರ ನಾಟಿ ಔಷಧಿ, ಚನ್ನರಾಯಪಟ್ಟಣದಲ್ಲಿ ಸೂಜಿ ಚಿಕಿತ್ಸೆ. ನಾಟಿ ಔಷಧಿ ಭಾನುವಾರ ಮಾತ್ರ. ಯಜಮಾನರು, “ನಿನಗೆ ಸರಿ ಕಂಡದ್ದು ಮಾಡು” ಎಂದು ಹೇಳಿ ಕಾರು ತೆಗೆದುಕೊಂಡು ಮೈಸೂರಿನ ಮದುವೆಗೆ ಹೋಗಿದ್ದರು. ನನಗೆ ಯಾವುದು ಸರಿ ಕಾಣುತ್ತಿತ್ತೆಂದು ನನಗೇ ಗೊತ್ತಿರಲಿಲ್ಲ.

ಎಂಟು ಗಂಟೆಯ ಬಸ್ಸು. ಟೊಮ್ಯಾಟೊ ಕ್ರೇಟಿನಲ್ಲಿ ಹಳೇ ರಗ್ಗು ಹಾಸಿ, ಅಲುಗದಂತೆ ಎರಡೂ ಪಕ್ಕಕ್ಕೆ ದಿಂಬು ಕೊಟ್ಟು ಜೂಲಿಯನ್ನು ಮಲಗಿಸಿದ್ದೆ. ಕಂಡಕ್ಟರ್ ನನ್ನ ಆಧಾರ್ ನೋಡಿ ಉಚಿತ ಟಿಕೆಟ್ ಕೊಟ್ಟ. ಜೂಲಿಗೆ ಅರ್ಧ ಟಿಕೆಟ್ ಎಂದ.

“ಅದೂ ಎಣ್ಣೇ ಕಣಪ್ಪ, ಫ್ರೀ ಬುಡು” ಎಂದಳು ಹಿಂದಿನ ಸೀಟಿನಲ್ಲಿದ್ದ ಸೊಪ್ಪು ಮಾರುವಾಕೆ.

“ಆಧಾರ್ ಐತಾ ಕೇಳಕ್ಕಾ, ಮಕ ಮ್ಯಾಚ್ ಆದ್ರೆ ಬುಡ್ತೀನಿ.”

ಬಸ್ಸೆಲ್ಲ ನಕ್ಕಿತು. ನಾನು ದುಡ್ಡು ಕೊಟ್ಟು, ರಸ್ತೆಯ ಪ್ರತಿ ಉಬ್ಬಿಗೂ ಕ್ರೇಟನ್ನು ಸೀಟಿನಿಂದ ಒಂದಿಷ್ಟು ಎತ್ತಿ ಹಿಡಿದುಕೊಂಡೇ ಮೂವತ್ತು ಚಿಲ್ಲರೆ ಕಿಲೋಮೀಟರ್ ಕಳೆದೆ.

ಹೊಳೆನರಸೀಪುರದ ಡಾಕ್ಟರು ಮೃದು ಮಾತಿನವರು. ಅವರ ಗೋಡೆಯಲ್ಲಿ ಗುಣವಾದ ಬೆಕ್ಕೊಂದರ ಫೋಟೋ ಇತ್ತು. ಬೆಕ್ಕು ನೆಟ್ಟಗೆ ನಿಂತಿತ್ತು. ಅದಕ್ಕೆ ಮೊದಲು ಹೇಗಿತ್ತೆಂದು ತೋರಿಸುವ ಫೋಟೋ ಇರಲಿಲ್ಲ. ಅವರು ಜೂಲಿಯನ್ನು ಮುಟ್ಟಲಿಲ್ಲ; ಅವಳ ಸ್ವಭಾವ ಕೇಳಿದರು.

“ಗುಡುಗಿಗೆ ಹೆದರ್ತಾಳಾ?”

“ಹೂಂ ಡಾಕ್ಟ್ರೇ.”

“ಬೇಜಾರಾದ್ರೆ ಒಬ್ಬಳೇ ಹೋಗಿ ಕೂರ್ತಾಳಾ?”

“ಹೂಂ.”

“ಸಿಹಿ ಇಷ್ಟವಾ, ಉಪ್ಪು ಖಾರಾನಾ?”

“ಉಪ್ಪು ಖಾರ” ಎಂದೆ. ಹೇಳಿದ ಮೇಲೆ ಅನುಮಾನ ಬಂತು. ಉಪ್ಪು ಖಾರ ಬೇಕಾದವಳು ನಾನು; ಜೂಲಿ ಕೊಟ್ಟದ್ದೆಲ್ಲ ತಿನ್ನುತ್ತಾಳೆ. ಗುಡುಗಿಗೆ ಹೆದರುವವಳೂ ನಾನೇ ಇರಬೇಕು. ತಿದ್ದೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಅವರು ಬಿಳಿ ಗುಳಿಗೆಗಳನ್ನು ಸಣ್ಣ ಸೀಸೆಗೆ ತುಂಬಿಸಿ ನಾಲ್ಕನ್ನು ಜೂಲಿಯ ನಾಲಿಗೆಗೆ ಹಾಕಿಯೇ ಬಿಟ್ಟರು. ಘಾಟು ವಾಸನೆಯದು ಯಾವುದೂ ಹತ್ತಿರ ಸುಳಿಯಬಾರದು, ಮೂರು ವಾರ ಕಾಯಬೇಕು ಎಂದರು.

“ನಾಳೆ ಬೆಳಗ್ಗೇನೇ ಹೇಳ್ಬೇಕಲ್ಲ ಡಾಕ್ಟ್ರೇ?”

“ಬೆನ್ನುಮೂಳೆ ಕ್ಯಾಲೆಂಡರ್ ನೋಡಲ್ಲಮ್ಮ.”

ಅರಕಲಗೂಡಿಗೆ ಇಳಿದಾಗ ಹನ್ನೆರಡರ ಬಿಸಿಲು ಚುರುಗುಟ್ಟುತ್ತಿತ್ತು. ಅಲ್ಲಿಂದ ರಾಮನಾಥಪುರದ ದಾರಿಯಲ್ಲಿ ಆಟೋ ಹಿಡಿದು, ಹೊಗೆಸೊಪ್ಪಿನ ಹೊಲಗಳ ನಡುವಿನ ಒಂದು ಹಳ್ಳಿಗೆ ಹೋದೆ. ಔಷಧಿ ಕೊಡುವ ಪುಟ್ಟಮ್ಮಜ್ಜಿಯ ಜಗಲಿಯಲ್ಲಿ ನಮಗಿಂತ ಮುಂಚೆ ಒಂದು ಕುಂಟು ಮೇಕೆ, ಒಂದು ಕರು, ಭುಜ ಹಿಡಿದುಕೊಂಡ ಒಬ್ಬ ಗಂಡಸು ಸರದಿಯಲ್ಲಿದ್ದರು. ನಮ್ಮ ಸರದಿ ಬಂದಾಗ ಅಜ್ಜಿ ಎರಡು ಉಗುರುಗಳ ನಡುವೆ ಜೂಲಿಯ ಹಿಂಗಾಲಿನ ಬೆರಳು ಹಿಡಿದು ಹಿಂಡಿಬಿಟ್ಟಳು. ಕಾಲು ಹಿಂದಕ್ಕೆ ಸರಿಯಿತು. ಜೂಲಿ ಮಾತ್ರ ಮೇಕೆಯನ್ನೇ ನೋಡುತ್ತಿದ್ದಳು.

“ಕಾಲ್ ಎಳ್ಕತಲ್ಲವ್ವಾ, ಇನ್ನೇನ್ ಬೇಕು ನಿಂಗೆ?”

“ತಿರುಗಿ ನೋಡ್ಬೇಕಂತೆ ಅಜ್ಜಿ.”

“ಯಾಕ್ ನೋಡ್ಬೇಕು? ಮಕ ತೋರ್ಸೋಕ್ ನಾನೇನ್ ಮದ್ವೆ ಎಣ್ಣಾ?”

ಭುಜನೋವಿನ ಗಂಡಸು ನೋವು ಮರೆತು ನಕ್ಕ. ಅಜ್ಜಿ ಒರಳುಕಲ್ಲಿನಲ್ಲಿ ಅರೆದ ಹಸಿರು ಮದ್ದನ್ನು ಜೂಲಿಯ ಬೆನ್ನಿಗೆ ಮೆತ್ತಿದಳು. ಬೆಳ್ಳುಳ್ಳಿಯ ಘಾಟು ಮೂಗಿಗೆ ಹೊಡೆಯಿತು. ಇನ್ನೊಂದು ಉಂಡೆಯನ್ನು ಮುತ್ತುಗದ ಎಲೆಯಲ್ಲಿ ಕಟ್ಟಿಕೊಟ್ಟು, “ಎಲ್ಡ್ ಗಂಟೆ ಬುಟ್ಟು ಇದ್ನೂ ಅಚ್ಚು. ಒಳೆ ದಾಟುಸ್ಬ್ಯಾಡ, ದಾಟುದ್ರೆ ಬರೀ ಸೊಪ್ಪು ಕಣವ್ವ. ಮೂರ್ ದಿನ ನೀರ್ ಸೋಕುಸ್ಬ್ಯಾಡ” ಎಂದಳು. ಎಲೆ ಅಡಿಕೆ ಬಿಟ್ಟು ಬೇರೇನನ್ನೂ ಮುಟ್ಟಲಿಲ್ಲ. ದುಡ್ಡು ತೆಗೆದುಕೊಳ್ಳದವರ ಮೇಲೆ ನನಗೆ ನಂಬಿಕೆ ಬೇಗ ಬರುತ್ತದೆ. ಅದು ಅವರ ಔಷಧಿಯ ಗುಣವೋ ನನ್ನ ಗುಣವೋ, ಆಟೋದಲ್ಲಿ ಯೋಚಿಸಿದೆ, ತಿಳಿಯಲಿಲ್ಲ.

ಹೇಮಾವತಿಯ ಸೇತುವೆ ಹೊಳೆನರಸೀಪುರ ದಾಟಿದ ಮೇಲೆ ಸಿಗುತ್ತದೆ. ಹಾಗಾಗಿ ಅರಕಲಗೂಡಿನಿಂದ ವಾಪಸು ಆ ಊರಿಗೆ ಬಂದು, ಅಲ್ಲಿನ ಬಸ್‌ಸ್ಟ್ಯಾಂಡಿನಲ್ಲೇ ಡಬ್ಬಿಯ ಚಿತ್ರಾನ್ನ ಎರಡು ತುತ್ತು ತಿಂದು, ಕಲ್ಲುಬೆಂಚಿನ ಮೇಲೆ ಕ್ರೇಟು ಇಟ್ಟುಕೊಂಡು ಎರಡನೇ ಉಂಡೆ ಹಚ್ಚಿದೆ. ಪಕ್ಕದಲ್ಲಿ ಕೂತಿದ್ದವರು ಮೂಗು ಮುಚ್ಚಿಕೊಂಡು ಎದ್ದುಹೋದರು. ಘಾಟು ಬೇಡವೆಂದ ಡಾಕ್ಟರ ಶಾಪು ಕೂಗಳತೆಯಲ್ಲಿತ್ತು. ಅವರೇನಾದರೂ ಈ ಕಡೆ ಬಂದರೆ ಎಂದು ಜೂಲಿಯ ಮೇಲೆ ಸೆರಗು ಹೊದಿಸಿ ಕೂತೆ. ಚನ್ನರಾಯಪಟ್ಟಣದ ಬಸ್ಸು ಸೇತುವೆ ಹತ್ತಿದಾಗ ಕೆಳಗಿನ ನೀರು ನೋಡಿದೆ. ಔಷಧಿ ಎಲೆಯಲ್ಲಿಲ್ಲ, ಬೆನ್ನಿನ ಮೇಲಿದೆ. ಈಗ ಅದು ಹೊಳೆ ದಾಟಿದಂತೆಯೋ, ಇಲ್ಲವೋ? ಅಜ್ಜಿಯನ್ನು ಕೇಳಬೇಕಿತ್ತು.

ಚನ್ನರಾಯಪಟ್ಟಣದಲ್ಲಿ ಸೂಜಿ ಹಾಕುವವರು ದನದ ಆಸ್ಪತ್ರೆಯಲ್ಲಿದ್ದು ನಿವೃತ್ತರಾದವರು. ಸೆರಗು ತೆಗೆದ ಕೂಡಲೇ, “ಏನಮ್ಮ ಇದು, ಚಟ್ನಿ ಮೆತ್ಕೊಂಡು ಬಂದಿದೀರಲ್ಲ! ಇದರ ಮೇಲೆ ಸೂಜಿ ಹೆಂಗೆ ಹಾಕೋದು?” ಎಂದು ಒದ್ದೆಬಟ್ಟೆಯಿಂದ ಒರೆಸಿಬಿಟ್ಟರು. ಮೂರು ದಿನ ನೀರು ಸೋಕಬಾರದೆಂಬ ಮಾತು ನೆನಪಾಗಿ, ಒದ್ದೆ ಬೆನ್ನನ್ನು ಸೆರಗಿನಿಂದ ಒತ್ತಿ ಒಣಗಿಸಿದೆ. ಆಮೇಲೆ ಅವರು ಜೂಲಿಯ ಹಿಂಗಾಲು ಚಿವುಟಿದರು. ಜೂಲಿ ಸರಕ್ಕನೆ ತಿರುಗಿದಳು!

“ನೋಡಿದ್ಲು! ನೋಡಿದ್ಲಲ್ವಾ?” ನಾನು ಕೂಗಿಯೇಬಿಟ್ಟೆ.

“ನಾನು ಚಿವುಟಿದ್ದಕ್ಕೆ ನೋಡಿದ್ಲೋ, ಹೊರಗೆ ಆ ಬೈಕಿನವನು ಹಾರ್ನ್ ಹೊಡೆದದ್ದಕ್ಕೋ?”

ಬೈಕು ನನಗೆ ಕೇಳಿಸಿಯೇ ಇರಲಿಲ್ಲ. ಅವರು ಇನ್ನೊಮ್ಮೆ ಕೈ ಚಾಚಿದರು. ಬೆರಳು ತಾಗುವ ಮೊದಲೇ ಜೂಲಿ ತಿರುಗಿದಳು.

“ಬೆಳಗ್ಗಿಂದ ಎಲ್ಲರೂ ಚಿವುಟಿ ಕೈ ಕಂಡ್ರೇ ತಿರುಗೋ ಹಾಗಾಗಿದಾಳೆ. ಇನ್ನು ಇವತ್ತು ಗೊತ್ತಾಗಲ್ಲ ಬಿಡಿ” ಎಂದು ಕೂದಲೆಳೆಯಂಥ ಸೂಜಿಗಳನ್ನು ಒಂದೊಂದಾಗಿ ಚುಚ್ಚಿದರು. ಜೂಲಿ ಇಪ್ಪತ್ತು ನಿಮಿಷ ಗೊರಕೆ ಹೊಡೆದಳು. ಸೂಜಿ ತೆಗೆಯುತ್ತಾ ಅವರು, “ನಾನು ನೋವು ಕಡಿಮೆ ಮಾಡಬಲ್ಲೆ. ಜಾರಿದ್ದನ್ನ ಸರಿ ಮಾಡ್ತೀನಿ ಅಂತ ಸುಳ್ಳು ಹೇಳಲ್ಲ. ಮಾತ್ರೆ, ಗುಳಿಗೆ, ಚಟ್ನಿ, ಸೂಜಿ, ಎಲ್ಲಾ ಒಂದೇ ದಿನಕ್ಕೆ ಮಾಡಿದೀರಿ. ನಾಳೆ ಇವಳು ಎದ್ದು ನಿಂತ್ರೆ ಹಾರ ಯಾರಿಗೆ ಹಾಕ್ತೀರಿ?” ಎಂದರು. ನಿತ್ಯ ಬಿಸಿನೀರಿನ ಶಾಖ ಕೊಡಿ ಎಂದೂ ಹೇಳಿದರು.

ಹಾಸನದ ಬಸ್ಸಿನಲ್ಲಿ, ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ ದುಂಡು ಅಕ್ಷರದಲ್ಲಿ ಮೂವರ ಮಾತನ್ನೂ ಸಣ್ಣ ಪುಸ್ತಕಕ್ಕೆ ಬರೆದುಕೊಳ್ಳತೊಡಗಿದೆ. ಘಾಟು ಬೇಡ. ಘಾಟು ಹಚ್ಚಿ. ನೀರು ಬೇಡ. ಬಿಸಿನೀರು ಬೇಕು. ಮೂವರೂ ಕೆಟ್ಟವರಲ್ಲ, ಮೂವರ ಮಾತೂ ಅವರೆದುರು ಕೂತಾಗ ಸರಿಯೆನಿಸಿತ್ತು. ಸೋಮವಾರ ಬೆಳಗ್ಗೆ ನಮ್ಮ ವೈದ್ಯರಿಗೆ ಏನು ಹೇಳಲಿ ಎಂದು ಬರೆದು, ಅದರ ಮುಂದೆ ಏನೂ ಬರೆಯಲಾಗದೆ ಪುಸ್ತಕ ಮುಚ್ಚಿದೆ.

ಮನೆ ತಲುಪಿದಾಗ ಆರೂವರೆ. ಯಜಮಾನರು ಇನ್ನೂ ಬಂದಿರಲಿಲ್ಲ. ಜೂಲಿಯನ್ನು ಬಾಗಿಲ ಬಳಿಯ ಚಾಪೆಯ ಮೇಲೆ ಮಲಗಿಸಿ, ವರಾಂಡದ ದೀಪ ಹಾಕುವುದನ್ನೂ ಮರೆತು, ಅಡುಗೆಮನೆಯಲ್ಲಿ ಅಕ್ಕಿ ತೊಳೆಯುತ್ತಿದ್ದೆ. ಹೊರಗೆ ‘ಕಂಯ್’ ಎಂದು ಒಂದು ಕೂಗು, ಅದರ ಹಿಂದೆಯೇ ಗುರುಗುಟ್ಟುವ ಸದ್ದು ಕೇಳಿತು. ಒದ್ದೆ ಕೈಯಲ್ಲೇ ಓಡಿದೆ. ಪಕ್ಕದ ಮನೆಯ ಶಾರದಮ್ಮ ಒಂದು ಕೈಯಲ್ಲಿ ಲೋಟ, ಇನ್ನೊಂದರಲ್ಲಿ ಸೀರೆಯ ನೆರಿಗೆ ಹಿಡಿದು ನಿಂತಿದ್ದರು.

“ಏನಾಯ್ತು ಶಾರದಮ್ಮ? ಯಾವ ಕಾಲು ತುಳಿದ್ರಿ?”

“ಹಿಂದಿಂದು ಕಣ್ರೀ, ಕತ್ಲಲ್ಲಿ ಕಾಣ್ಲಿಲ್ಲ. ತಿರುಗಿ ಕಚ್ಚೋಕೇ ಬಂದ್ಲು ನೋಡಿ, ಸೀರೆ ಹರ್ದೋಗ್ತಿತ್ತು. ಎಂಥಾ ನಾಯಿ ಸಾಕಿದೀರೋ! ಒಂಚೂರು ಹೆಪ್ಪಿದ್ರೆ ಕೊಡಿ.”