ಎರಡು ಕೈಯ ಕೌದಿ

ಹಳೆಯ ಹತ್ತಿಬಟ್ಟೆಗೆ ಅದರದೇ ಒಂದು ವಾಸನೆಯಿದೆ. ಟ್ರಂಕಿನ ಕಬ್ಬಿಣ, ಒಣಗಿದ ಬೇವಿನೆಲೆ, ಎಂದೋ ಮಾಳಿಗೆಯ ಮೇಲೆ ಕಾಯಿಸಿದ ಬಿಸಿಲು ಎಲ್ಲ ಕೂಡಿದ ವಾಸನೆ. ಹೋದ ತಿಂಗಳು ಜಮಖಂಡಿಯಲ್ಲಿ ಹಳೆಯ ಕೌದಿಗಳ ಪ್ರದರ್ಶನಕ್ಕೆ ಹೋದಾಗ ಅದು ಬಾಗಿಲಲ್ಲೇ ನನ್ನನ್ನು ಹಿಡಿದು ನಿಲ್ಲಿಸಿತು. ಚಪ್ಪಲಿ ಬಿಡುವ ಹೊತ್ತಿಗಾಗಲೇ ನನ್ನ ಅರ್ಧ ಜೀವ ರಬಕವಿಯ ನಮ್ಮ ಹಳೆಯ ಪಡಸಾಲೆಯಲ್ಲಿತ್ತು.

ಜೊತೆಗೆ ಕಾಕು ಇದ್ದಳು. ನಮ್ಮಪ್ಪನ ತಮ್ಮನ ಹೆಂಡತಿ. ಎಂಬತ್ತರ ಆಸುಪಾಸಿನಲ್ಲಿದ್ದಾಳೆ. ಕಿವಿ ಚುರುಕು, ಮೊಳಕಾಲು ಮಾತ್ರ ಹಟ ಮಾಡುತ್ತವೆ. ಅವಳನ್ನು ಹೊರಡಿಸುವುದೇ ಒಂದು ಕೆಲಸವಾಗಿತ್ತು. "ಹಾಸ್ಕೊಂಡು ಮಲಗೂದನ್ನ ನೋಡಾಕ ಯಾರರೆ ಬಸ್ ಹತ್ತಿ ಹೋಗ್ತಾರೇನ?" ಎಂದಿದ್ದಳು. ಒಪ್ಪಿದ್ದು ಸುಮಾ ಕರೆದಳೆಂದು. ಸುಮಾ ಮುಧೋಳದಲ್ಲಿರುವ ನನ್ನ ಅಕ್ಕ ಗಿರಿಜಾಳ ಮಗಳು, ಸಾಲಿ ಮಾಸ್ತರಿಣಿ. ಪ್ರದರ್ಶನ ಏರ್ಪಡಿಸಿದ ಗೆಳತಿಯರಲ್ಲಿ ಅವಳೂ ಒಬ್ಬಳು. "ನಮ್ಮ ಮನಿ ಕೌದಿನೂ ಹಾಕೇನಿ ಆಯಿ. ನಿಮ್ಮ ಕೈಯಾಂದು. ನೀವು ಬರಲಿಲ್ಲಂದ್ರ ಹೆಂಗ?" ಎಂದು ಫೋನಿನಲ್ಲಿ ಕಾಕುವನ್ನು ಕಟ್ಟಿಹಾಕಿದ್ದಳು. ಅಜ್ಜಿಯರಿಗೆ ನಮ್ಮಲ್ಲಿ ಆಯಿ ಎನ್ನುತ್ತಾರೆ, ಸುಮಾಳಿಗೆ ಕಾಕುವೂ ಆಯಿಯೇ.

ಕೌದಿಗಳನ್ನು ಗೋಡೆಯುದ್ದಕ್ಕೂ ಬಿದಿರಿನ ಗಳಗಳಿಗೆ ಇಳಿಬಿಟ್ಟಿದ್ದರು. ನೀವೂ ಕೌದಿ ಹೊದ್ದೇ ಬೆಳೆದವರಾಗಿದ್ದರೆ ನನ್ನ ಕಸಿವಿಸಿ ನಿಮಗೆ ತಿಳಿದೀತು. ಮೈಮೇಲೆ ಇದ್ದದ್ದು ಕಣ್ಣೆದುರು ನಿಂತಾಗ ಮೊದಲು ಗುರುತೇ ಸಿಗುವುದಿಲ್ಲ. ಬೀಳಗಿ ಕಡೆಯ ಒಂದು ಕೌದಿಯಲ್ಲಿ ಇಳಕಲ್ಲ ಸೀರೆಯ ಸೆರಗುಗಳೆಲ್ಲ ಒಂದೇ ದಿಕ್ಕಿಗೆ ಹರಿಯುತ್ತಿದ್ದವು, ನೀರಿನಂತೆ. ತೇರದಾಳದ್ದೊಂದಕ್ಕೆ ಸುತ್ತಲೂ ಮೂರುಮೂಲೆಯ ತುಂಡುಗಳ ಅಂಚು. ಕುರಿ ಕಾಯುವ ಮನೆಯೊಂದರ ಕೌದಿಗೆ ನಡುನಡುವೆ ಕಂಬಳಿಯ ಕರಿ ತೇಪೆ. ಹೊಲಿಗೆಯಂತೂ ಎಲ್ಲದರಲ್ಲೂ ಸಾಲುಹಿಡಿದ ಇರುವೆಯಷ್ಟು ಸಣ್ಣದು. ನಾನು ಸೂಜಿ ಹಿಡಿದ ಒಂದೇ ಬೇಸಿಗೆಯಲ್ಲಿ ನನ್ನ ಹೊಲಿಗೆ ನೋಡಿ ನಮ್ಮ ಆಯಿ, ಅಂದರೆ ನಮ್ಮಪ್ಪನ ತಾಯಿ, ಹೇಳಿದ್ದಳು: "ಇದು ಹೊಲಿಯೂದಲ್ಲವ್ವಾ, ಹೊಲ ಹರಗೂದು." ಅಲ್ಲಿಗೆ ನನ್ನ ಹೊಲಿಗೆಯ ವಿದ್ಯೆ ಮುಗಿಯಿತು.

ಮೂಲೆ ತಿರುಗಿದಾಗ ನಮ್ಮ ಕೌದಿ ಕಂಡಿತು. ಹಸಿರು, ಬೂದಿ, ಹಳದಿ ತುಂಡುಗಳು. ನಟ್ಟನಡುವೆ ಅಂಗೈಯಷ್ಟಗಲ ಕೆಂಪು ಖಣದ, ಅಂದರೆ ಕುಪ್ಪಸದ ಬಟ್ಟೆಯ, ಒಂದು ತುಂಡು. ಕಾಕು ನಿಂತುಬಿಟ್ಟಳು.

ಆ ಕೆಂಪು ತುಂಡಿನ ಕಥೆ ಹೇಳಬೇಕೆಂದರೆ ನಮ್ಮ ಮನೆಗೆ ಹೋಗಬೇಕು. ರಬಕವಿಯಲ್ಲಿ ಅಪ್ಪನೂ ಕಾಕಾನೂ ಒಂದೇ ಸೂರಿನಡಿ ಮಗ್ಗ ಹೂಡಿದ್ದರು. ಹಗಲೆಲ್ಲ ಮಗ್ಗದ ಸಪ್ಪಳ, ಅದು ನಿಂತರೆ ಊಟದ ಹೊತ್ತು ಎಂದು ಲೆಕ್ಕ. ನೇಯುವವರ ಮನೆಯಾದರೂ ನಮ್ಮ ಹಾಸಿಗೆ ಮಾತ್ರ ಹರಿದ ಸೀರೆಯದೇ. ಹೊಸ ಬಟ್ಟೆಯ ಕೌದಿಯಲ್ಲಿ ನಿದ್ದೆ ಬರುವುದಿಲ್ಲ ಎಂಬುದು ಆಯಿಯ ಸಿದ್ಧಾಂತ. ಅವ್ವ ಮತ್ತು ಕಾಕು ಒಂದೇ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದರು. ಒಬ್ಬಳು ಬಡಿದದ್ದನ್ನು ಇನ್ನೊಬ್ಬಳು ಬೇಯಿಸಬೇಕು. ನಡುವೆ ಅವರಿಬ್ಬರ ನಗು ಕೇಳಿ ಆಯಿ ಪಡಸಾಲೆಯಿಂದಲೇ ಕೆಮ್ಮುತ್ತಿದ್ದಳು.

ಕಾಕುವಿಗೆ ಆಗ ಒಬ್ಬಳೇ ಮಗಳು. ಇನ್ನೂ ತೊದಲು ಮಾತಿನ ಕೂಸು. ಬೀಳಗಿಯಿಂದ ಕಾಕುವಿನ ತಂದೆಗೆ ಸೀರಿಯಸ್ ಎಂದು ಸುದ್ದಿ ಬಂದಾಗ ಕೂಸಿನ ಮೈ ಸ್ವಲ್ಪ ಬೆಚ್ಚಗಿತ್ತು. "ಬಿಸಿಲಾಗ ಬಸ್ಸಿನ್ಯಾಗ ಒಯ್ಯಬ್ಯಾಡ, ನಾ ನೋಡ್ಕೋತೇನಿ" ಎಂದಳು ಅವ್ವ. ಕಾಕು ನಂಬಿ ಬಿಟ್ಟುಹೋದಳು. ಜ್ವರ ಏರಿತು. ಅವ್ವ ತಣ್ಣೀರು ಪಟ್ಟಿ ಹಾಕಿದಳು, ಔಷಧ ಕುಡಿಸಿದಳು, ಇಳಿಯದಾಗ ಅಪ್ಪನ ಜೊತೆ ಜಮಖಂಡಿಯ ಡಾಕ್ಟರರ ಹತ್ತಿರ ಎತ್ತಿಕೊಂಡು ಹೋದಳು. ತಿರುಗಿ ಬರುವಾಗ ಸೆರಗಿನೊಳಗೆ ಅದನ್ನು ಮುಚ್ಚಿಕೊಂಡೇ ಬಂದಳು. ಬೀಳಗಿಯಲ್ಲಿ ತಂದೆಯ ಮಣ್ಣು ಮುಗಿಸಿ ಬಂದ ಕಾಕುವಿಗೆ ಇಲ್ಲಿ ಮಗಳೂ ಇರಲಿಲ್ಲ.

ಕಾಕು ಅವ್ವನಿಗೆ ಒಂದು ಮಾತೂ ಅನ್ನಲಿಲ್ಲ. ಬಯ್ಯಲಿಲ್ಲ, ಕೇಳಲಿಲ್ಲ. ಮಾತು ನಿಂತುಹೋಯಿತು, ಅಷ್ಟೇ. ಅದೇ ಒಲೆ, ಅದೇ ರೊಟ್ಟಿ. ನಾನು ಇಬ್ಬರ ನಡುವಿನ ಟಪಾಲಿನವಳಾದೆ. "ನಿಮ್ಮ ಕಾಕುಗ ಕೇಳು, ಸಾರಿಗಿ ಉಪ್ಪು ಹಾಕ್ಯಾಳೇನು" ಎಂದು ಅವ್ವ. "ಹಾಕೇನಿ ಅಂತ ಹೇಳು" ಎಂದು ಕಾಕು. ಕೈಯಳತೆಯಲ್ಲಿ ಕೂತವರು. ಮುಂದೆ ಕಾಕುವಿಗೆ ಇಬ್ಬರು ಗಂಡುಮಕ್ಕಳಾದರು. ಎರಡೂ ಬಾಣಂತನ ಅವ್ವನೇ ಮಾಡಿದಳು, ಬಾಯಿ ಬಿಡದೆ. ಮನೆಯಲ್ಲಿ ಯಾರೂ ಆ ಕೂಸಿನ ಹೆಸರೆತ್ತಲಿಲ್ಲ.

ವರ್ಷಗಳು ಕಳೆದು ಅಕ್ಕ ಗಿರಿಜಾ ಚೊಚ್ಚಲ ಬಸುರಿಯಾಗಿ ಮನೆಗೆ ಬಂದಳು. ಹುಟ್ಟುವ ಕೂಸಿಗೆಂದು ಆಯಿ ಹಳೆಯ ಸೀರೆಗಳನ್ನು ಹರವಿದಳು. ಎದುರುಬದುರು ಅಂಚಿಗೆ ಸೊಸೆಯರಿಬ್ಬರನ್ನೂ ಕೂರಿಸಿ ಎರಡು ಸೂಜಿ ಕೊಟ್ಟಳು. ಕೌದಿಯ ಹೊಲಿಗೆ ಅಂಚಿನಿಂದ ಹೊರಟು ಸುತ್ತುತ್ತ ನಡುವಿಗೆ ಬರುತ್ತದೆ. ಮಧ್ಯಾಹ್ನ ಮಗ್ಗ ನಿಂತ ಹೊತ್ತಿನಲ್ಲಿ ಇಬ್ಬರೂ ತಲೆ ತಗ್ಗಿಸಿ ಹೊಲಿಯುತ್ತಿದ್ದರು. ದಿನದಿನಕ್ಕೆ ಹತ್ತಿರವಾಗುತ್ತ ಬಂದರು. ಕೊನೆಗೊಂದು ದಿನ ಇಬ್ಬರ ಮೊಳಕಾಲು ತಾಗುವಷ್ಟು ಸಮೀಪ ಬಂದಾಗ ನಡುವೆ ಅಂಗೈಯಷ್ಟು ಜಾಗ ಉಳಿದಿತ್ತು. ನಮ್ಮಲ್ಲಿ ಅದಕ್ಕೆ ಕೌದಿಯ ಹೊಟ್ಟೆ ಎನ್ನುತ್ತಾರೆ. ಅದನ್ನು ಹಸಿದ ಹಾಗೇ ಮುಚ್ಚಬಾರದೆಂದು ಮೇಲೊಂದು ಹೋಳಿಗೆ ಇಡುವ ರೂಢಿ. ಆಯಿ ನನ್ನನ್ನು ಹೋಳಿಗೆ ತರಲು ಕಳಿಸಿದಳು.

ನಾನು ತಾಟು ಹಿಡಿದು ಬರುವಾಗ ಕಾಕು ತನ್ನ ಕೋಣೆಯಿಂದ ಏನನ್ನೋ ತಂದು ಆ ಜಾಗದಲ್ಲಿ ಇಟ್ಟಿದ್ದಳು. ಕೂಸುಗಳ ತಲೆ ಬೆನ್ನು ಮುಚ್ಚುವ ಕುಂಚಿಗೆ ನೀವು ನೋಡಿರುತ್ತೀರಿ. ಕೆಂಪು ಖಣದ ಅಂಥದೊಂದು ಕುಂಚಿಗೆಯಿಂದ ಕತ್ತರಿಸಿದ ತುಂಡು. ಕುಂಚಿಗೆಯನ್ನು ಹೊಲಿದುಕೊಟ್ಟಿದ್ದವಳು ಅವ್ವನೇ. ಅವಳ ಸೂಜಿ ನಿಂತಿತು.

"ಸತ್ತ ಕೂಸಿನ ಅರಿವಿ ಹುಟ್ಟೂ ಕೂಸಿಗೆ ಹಾಕಬಾರದವ್ವಾ" ಎಂದಳು ಆಯಿ, ಮೆಲ್ಲಗೆ.

ಕಾಕು ಅವ್ವನ ಮುಖ ನೋಡಿದಳು. ಅಷ್ಟು ವರ್ಷಗಳ ಮೇಲೆ ಅವಳ ಬಾಯಿಂದ ಅವ್ವನಿಗೆಂದೇ ಬಂದ ಮೊದಲ ಮಾತು ಅದು. "ಟ್ರಂಕಿನ್ಯಾಗ ಇಟ್ಟು ನಾ ಏನ್ ಮಾಡ್ಲಿ ಅಕ್ಕಾ? ಒಂದು ಕೂಸಿನ ಮೈಮ್ಯಾಲರೆ ಇರಲಿ. ನೀ ಬ್ಯಾಡಂದ್ರ ತಗೀತೇನಿ."

ಹುಟ್ಟುವುದು ಅವ್ವನ ಮೊದಲ ಮೊಮ್ಮಗು. ಬೇಡ ಎಂದಿದ್ದರೆ ಊರಲ್ಲಿ ಯಾರೂ ತಪ್ಪು ಎನ್ನುತ್ತಿರಲಿಲ್ಲ. ಅವ್ವ ಆ ಖಣದ ಮೇಲೆ ಕೈಯಾಡಿಸಿದಳು. ಆಮೇಲೆ ಅತ್ತೆಯ ಕಡೆ ತಿರುಗಿ, "ಆಕಿನೂ ನಮ್ಮ ಮನಿ ಕೂಸ ಅಲ್ಲೇನ್ರಿ ಅತ್ತಿ. ಯಾಕ ಕೆಟ್ಟದ್ದು ಮಾಡ್ತಾಳ? ಹಚ್ಚಲಿ" ಎಂದಳು. ಅಂದವಳೇ ತಾನೇ ಒಂದು ಬದಿಯಿಂದ ಹೊಲಿಯತೊಡಗಿದಳು. ಕಾಕು ಇನ್ನೊಂದು ಬದಿಯಿಂದ. ಇಬ್ಬರ ಕಣ್ಣೂ ಮಂಜಾಗಿ ಆ ತುಂಡಿನ ಹೊಲಿಗೆ ಮಾತ್ರ ಸೊಟ್ಟಗಾಗಿದೆ. ಆಯಿ, ಒಳಗೆ ಮಲಗಿದ್ದ ಅಕ್ಕನಿಗೆ ಕೇಳದಂತೆ ನನ್ನ ಕಡೆ ಬಗ್ಗಿ, "ಗಿರಿಜಾನ ಮುಂದ ಇದನ್ನ ಆಡಬ್ಯಾಡ, ಹೆದರತಾಳ" ಎಂದಳು.

ಕೂಸು ಹುಟ್ಟಿತು, ಅವಳೇ ಸುಮಾ. ತೊಟ್ಟಿಲಿಗೆ ಹಾಕಿ ತಿಂಗಳು ತುಂಬುವುದರೊಳಗೆ ಅದಕ್ಕೆ ಜ್ವರ ಬಂತು. ಆ ಮಧ್ಯಾಹ್ನ ನನಗೆ ಇವತ್ತಿಗೂ ಮರೆತಿಲ್ಲ. ಅಪ್ಪ ಡಾಕ್ಟರರನ್ನು ಕರೆತರಲು ಬನಹಟ್ಟಿಗೆ ಓಡಿದ್ದ. ತೊಟ್ಟಿಲಿನ ಆಚೆ ಅವ್ವ, ಈಚೆ ಕಾಕು. ಕಾಕು ಕೈಚಾಚಿ ಕೂಸಿನ ಅಡಿಯಿಂದ ಕೌದಿಯನ್ನು ಎಳೆಯಹೋದಳು. ಅವ್ವ ಅವಳ ಕೈ ಹಿಡಿದು ಒತ್ತಿದಳು. "ಇರಲಿ ಬಿಡು" ಎಂದಳು. ಡಾಕ್ಟರರು ಬರುವತನಕ ಆ ಕೈ ಬಿಡಲಿಲ್ಲ. ಎರಡು ದಿನಕ್ಕೆ ಜ್ವರ ಇಳಿಯಿತು. ಒಲೆಯ ಮುಂದೆ ಮತ್ತೆ ಮಾತು ಕೇಳಿಬಂತು, ನನ್ನ ಟಪಾಲು ಕೆಲಸ ಹೋಯಿತು. ಅವ್ವ ತೀರಿಕೊಳ್ಳುವವರೆಗೆ ಅವರಿಬ್ಬರೂ ಒಂದೇ ತಾಟಿನಲ್ಲಿ ಉಂಡರು.

ಈಗ ಆ ಸುಮಾ ನಮ್ಮ ಪಕ್ಕದಲ್ಲಿ ನಿಂತು ಕೇಳಿದಳು, "ಆಯಿ, ಎಲ್ಲಾ ಸೀರಿ ತುಂಡು ಅದಾವ, ಈ ನಡುವಿಂದೊಂದ ಬ್ಯಾರೆ ಐತಲ್ಲ. ಇದೇನು?"

"ಯಾವುದೋ ಹಳೇ ಖಣ" ಎಂದೆ ನಾನು, ನಮ್ಮ ಆಯಿಯ ಅಂದಿನ ಅಪ್ಪಣೆ ಇನ್ನೂ ಜಾರಿಯಲ್ಲಿದೆ ಎಂಬಂತೆ.

"ಖಣ ಅಲ್ಲ" ಎಂದಳು ಕಾಕು. "ನನ್ನ ಮಗಳ ಕುಂಚಿಗಿ."

ಕಾಕುವಿಗೊಬ್ಬ ಮಗಳಿದ್ದದ್ದೇ ಸುಮಾಳಿಗೆ ಗೊತ್ತಿರಲಿಲ್ಲ. ಅವಳು ಕುರ್ಚಿ ತಂದು ಕೂರಿಸಿದಳು. ಕಾಕು ಎಲ್ಲವನ್ನೂ ಹೇಳಿದಳು, ಅಳದೆ, ಅವಸರವಿಲ್ಲದೆ. ಕೇಳಿ ಮುಗಿದ ಮೇಲೆ ಸುಮಾ ಬಗ್ಗಿ, "ಆಕಿ ಹೆಸರೇನಿತ್ರಿ?" ಎಂದಳು.

"ನೀಲಾ."

ಆ ಹೆಸರು ನನಗೆ ಮರೆತೇ ಹೋಗಿತ್ತು. ಬಹಳ ದಿನದಿಂದ ಎದೆಯಲ್ಲಿದ್ದ ಪ್ರಶ್ನೆಯನ್ನು ನಾನೂ ಆಗ ಕೇಳಿದೆ. "ಕಾಕು, ಅವ್ವನ ಮ್ಯಾಲ ಅಷ್ಟ್ ಸಿಟ್ಟಿತ್ತೇನ ನಿನಗ? ಅಷ್ಟ್ ವರ್ಷ ಮಾತಾಡಲಿಲ್ಲ."

"ಸಿಟ್ಟೂ ಇತ್ತು, ಇಲ್ಲ ಅನ್ನಂಗಿಲ್ಲ. ಆದ್ರ ಬಾಯಿ ತಗದ್ರ 'ನೀನ ಕೊಂದಿ' ಅಂತ ಬರ್ತಿತ್ತು. ಅದು ಖರೆ ಅಲ್ಲಂತ ನನಗ ಗೊತ್ತಿತ್ತು. ಒಮ್ಮೆ ಅಂದಿದ್ರ ನಿಮ್ಮವ್ವ ಬದುಕತಿದ್ಲೇನು? ಅದಕ್ಕ ಬಾಯಿ ಮುಚ್ಚಿದ್ನಿ. ಆ ಮಾತು ಒಳಗ ಸಾಯೂತನಾ ತೆರೀಲಿಲ್ಲ."

ಆ ಮೌನವನ್ನು ನಾನು ಇಷ್ಟು ವರ್ಷ ಶಿಕ್ಷೆ ಎಂದೇ ತಿಳಿದಿದ್ದೆ. ಅವ್ವನ ಪರ ವಹಿಸಿ ಒಳಗೊಳಗೇ ಕಾಕುವನ್ನು ದೂರಿದ್ದೂ ಉಂಟು. ಅವಳು ಬಾಯಿ ಮುಚ್ಚಿ ಅವ್ವನನ್ನು ಕಾಯುತ್ತಿದ್ದಳೆಂದು ಹೊಳೆದಿರಲಿಲ್ಲ.

ಗಿರಿಜಾಳಿಗೂ ಹೇಳಬೇಕೆಂದಳು ಕಾಕು. ಅಕ್ಕನಿಗೆ ಸೊಂಟನೋವು, ಪ್ರದರ್ಶನಕ್ಕೆ ಬಂದಿರಲಿಲ್ಲ. ನನಗೆ ಅಳುಕು, ಕಾಕುವಿಗಿಲ್ಲ. ಸುಮಾ ಫೋನು ಹಚ್ಚಿಕೊಟ್ಟಳು. "ಗಿರಿಜಾ, ನಾ ಕಾಕು ಮಾತಾಡಾಕತ್ತೇನಿ. ನಿನ್ನ ಕೌದಿ ನೋಡಿದ್ನಿ. ಅದರಾಗ ಒಂದು ತುಂಡು ಐತಿ, ನಾವು ನಿನಗ ಹೇಳಿಲ್ಲ" ಎಂದು ಶುರುಮಾಡುವಷ್ಟರಲ್ಲೇ ಅಕ್ಕ ನಡುವೆ ಬಾಯಿಹಾಕಿದಳು. ಆ ಕಡೆಯಿಂದ ಅಕ್ಕನ ದನಿ ಬಹಳ ಹೊತ್ತು ಬರುತ್ತಿತ್ತು. ಕಾಕು ಹೂಂ, ಹೂಂ ಎನ್ನುತ್ತ ಕೇಳಿ ಫೋನು ಇಳಿಸಿದಳು.

"ಆಕಿಗೆ ಗೊತ್ತೈತಂತ" ಎಂದಳು. "ನಿಮ್ಮವ್ವ ಹೋಗೂಕಿಂತ ಮೊದಲ ಕರದು ಹೇಳಿದ್ಲಂತ. ಈ ಕೌದಿ ಯಾರಿಗೂ ಕೊಡಬ್ಯಾಡ, ಇದರಾಗ ನಮ್ಮ ನೀಲಾ ಅದಾಳ ಅಂತ."

ಸೆರಗಿನಿಂದ ಮುಖ ಒರೆಸಿಕೊಂಡು ಕಾಕು ನನ್ನ ಭುಜ ಹಿಡಿದು ಎದ್ದಳು. ಇನ್ನೂ ನೋಡದ ಸಾಲೊಂದು ಉಳಿದಿತ್ತು. "ನಡಿ, ಅವನ್ನೂ ನೋಡೂಣು" ಎಂದಳು. ನಾವು ನಿಧಾನವಾಗಿ ನಡೆದೆವು. ಅವುಗಳಲ್ಲೂ ಯಾರೋ ಮಲಗಿರಬಹುದು ಎನಿಸಿ, ಒಳಗಿನವರು ಏಳಲಿ ಎಂದು ಮನೆಯ ಬಾಗಿಲಲ್ಲಿ ಕಾಯುವವರ ಹಾಗೆ, ಒಂದೊಂದರ ಮುಂದೆಯೂ ನಿಂತೆವು.