ಸಣ್ಣಕ್ಷರದ ಮೇಷ್ಟ್ರು
ಪದವಿ ತರಗತಿಗೆ ಹಣಕಾಸು ಪಾಠ ಮಾಡುವ ಈ ಉಪನ್ಯಾಸಕರಿಗೆ ಹುಡುಗರು ಇಟ್ಟ ಹೆಸರು ಸಣ್ಣಕ್ಷರದ ಮೇಷ್ಟ್ರು. ಕೋಪ ಸದಾ ಮೂಗಿನ ತುದಿಯಲ್ಲೇ. ಬಡ್ಡಿಯ ಲೆಕ್ಕ ಹೇಳುವಾಗ ಯಾರಾದರೂ "ಸಾರ್, ಇದು ಪರೀಕ್ಷೆಗೆ ಬರುತ್ತಾ?" ಅಂದರೆ ಮುಗಿಯಿತು, ಕೈಯಲ್ಲಿನ ಸೀಮೆಸುಣ್ಣ ಪುಡಿಪುಡಿ. "ಪರೀಕ್ಷೆಗಲ್ಲ ಕಣಯ್ಯಾ, ನಿನ್ನ ಮನೆ ಬಾಗಿಲಿಗೇ ಬರುತ್ತೆ!" ಪ್ರತಿ ವರ್ಷ ಮೊದಲ ದಿನ ಹಾಜರಿಯ ನೆಪದಲ್ಲಿ ಒಂದೊಂದು ಹಾಳೆ ಹಂಚುತ್ತಾರೆ, ಇಡೀ ತರಗತಿ ಕಣ್ಣುಮುಚ್ಚಿಕೊಂಡು ಸಹಿ ಹಾಕುತ್ತದೆ. ಆಮೇಲೆ ಹಾಳೆಯ ಬುಡದಲ್ಲಿರುವ ಇರುವೆಗಾತ್ರದ ಸಾಲನ್ನು ಗಂಟಲು ಹರಿಯುವಂತೆ ಓದುತ್ತಾರೆ: 'ಪದವಿ ಮುಗಿಯುವವರೆಗೂ ಮೇಷ್ಟ್ರ ಸ್ಕೂಟರ್ ತೊಳೆಯಲು ಒಪ್ಪಿದ್ದೇನೆ.' "ನಗ್ತೀರಾ? ನಾಳೆ ಬ್ಯಾಂಕಿನವರು ಹೀಗೇ ಬರೆಸ್ಕೊಂಡಾಗಲೂ ನಗಿ! ಓದದೆ ಸಹಿ ಹಾಕೋಕೆ ನಾಚಿಕೆ ಆಗಲ್ವೇನ್ರೋ?" ಆದರೆ ಸ್ಕೂಟರನ್ನು ಯಾರಿಗೂ ಮುಟ್ಟಗೊಡುವುದಿಲ್ಲ. ಅದೇ ಸಂಜೆ ಕಚೇರಿಯ ಗುಮಾಸ್ತರು ಅವರ ಮುಂದೆ ಇನ್ನೊಂದು ವರ್ಷದ ತಾತ್ಕಾಲಿಕ ನೇಮಕದ ಕರಾರು ಚಾಚುತ್ತಾರೆ. ತಲೆ ನರೆತರೂ ಮೇಷ್ಟ್ರ ಕೆಲಸ ಇನ್ನೂ ಕಾಯಂ ಆಗಿಲ್ಲ. "ಒಂದ್ಸಲ ಓದ್ಬಿಡಿ ಸಾರ್, ಈ ಸಲ ಷರತ್ತೆಲ್ಲ ಬದಲಾಗಿದೆ," ಅನ್ನುತ್ತಾರೆ ಗುಮಾಸ್ತರು. ಮೇಷ್ಟ್ರು ಹಲ್ಲು ಕಚ್ಚಿ, ಕನ್ನಡಕ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಾರೆ. "ಸಹಿ ಎಲ್ಲಿ ಹಾಕ್ಬೇಕು, ಬೆರಳಿಟ್ಟು ತೋರಿಸ್ರಿ."