ಸ್ಟೆಪ್ನಿ ಮೇಲೆ ಕೂರುತ್ತಿದ್ದ ದೊರೆ

ನಾನು ಬಿ.ಎ. ಮಾಡುವುದು ಆಗದ ಮಾತು ಅಂದವಳು ನಮ್ಮಜ್ಜಿ. "ಹೆಬ್ಬೆಟ್ಟು ಒತ್ತೋರ ಮನೇಲಿ ಹುಟ್ಟಿ ತಿಪಟೂರು ಕಾಲೇಜಂತೆ! ವರ್ಷ ತುಂಬೋದ್ರೊಳ್ಗೆ ವಾಪಸ್ ಬತ್ತಾಳೆ, ನೋಡ್ತಿರಿ." ಮೊನ್ನೆ ಬೀರುವಿನಿಂದ ಪದವಿ ಪತ್ರ ತೆಗೆದಾಗ ಅದರ ಮಡಿಕೆಯಿಂದ ತೂತು ಬಿದ್ದ ಬಸ್ ಟಿಕೆಟ್ಟೊಂದು ಜಾರಿತು. ಬಣ್ಣ ಹೋಗಿದೆ, ಅಕ್ಷರ ಅಳಿಸಿದೆ... ಆ ತೂತು ಹಾಕಿದ ಕೈ ಮಾತ್ರ ಕಣ್ಣಿಗೆ ಕಟ್ಟಿದಂತಿದೆ.

ಆ ಕೈ ನಮ್ಮ ದೊರೆಯದು. ಅವರು ನಮ್ಮ ಕಡೆಯ ಹಳೇ ಪಾಳೇಗಾರರ ಮನೆತನದ ಕೊನೆಯ ಕುಡಿ. ಜಮೀನೆಲ್ಲ ಹೋಗಿ, ಬಿದ್ದ ಕೋಟೆಯೊಳಗೆ ಎರಡು ಕೋಣೆ ಉಳಿದಿದ್ದವು. ಎಂಬತ್ತನೇ ಇಸವಿ ಸುಮಾರಿಗೆ ದಬ್ಬೇಘಟ್ಟದಿಂದ ತಿಪಟೂರಿಗೆ ಹೋಗುವ ಖಾಸಗಿ ಬಸ್ಸಿಗೆ ಕಂಡಕ್ಟರಾದರು. ಆಯುಧಪೂಜೆಗೆ ಒಂದು ದಿನ ರಜಾ. ಅವತ್ತು ಪೇಟ ಸುತ್ತಿ, ಹಳೇ ಕತ್ತಿಗೆ ಪೂಜೆ ಮಾಡಿ, ಊರವರು ಬಾಗಿ ಮಾಡುವ ಮುಜುರೆ ಸ್ವೀಕರಿಸೋರು. ಮಾರನೇ ದಿನ ಅದೇ ಖಾಕಿ, ಅದೇ ಸೀಟಿ.

ಹೊಸತರಲ್ಲಿ ಒಂದು ಪಜೀತಿಯಾಯಿತು. ದೊರೆ ನಿಂತಿರುವಾಗ ನಮ್ಮೂರವರು ಕೂರುವುದಿಲ್ಲ. ಕಂಡಕ್ಟರೋ ನಿಂತೇ ಇರಬೇಕು. ಸೀಟೆಲ್ಲ ಖಾಲಿ, ಜನವೆಲ್ಲ ಸರಳು ಹಿಡಿದು ಜೋತಾಡುತ್ತಾ... "ಕೂತ್ಕೊಳ್ರಪ್ಪ" ಅಂದರೆ, "ಪರ್ವಾಗಿಲ್ಲ ಬುಡಿ ಬುದ್ಧಿ" ಅನ್ನೋರು. ಕೊನೆಗೆ ಅವರೇ ಸೋತು, ಬಾಗಿಲ ಪಕ್ಕ ಇಟ್ಟಿದ್ದ ಸ್ಟೆಪ್ನಿ ಟೈರಿನ ಮೇಲೆ ಕೂತರು. ಆಗ ಬಸ್ಸೂ ಕೂತಿತು. ಅವತ್ತಿಂದ ಒಬ್ಬೊಬ್ಬರೇ ಅವರಿದ್ದಲ್ಲಿಗೇ ಹೋಗಿ ಟಿಕೆಟ್ ತಗೊಳ್ಳೋರು. ಡ್ರೈವರ್ ತಿರುಗಿ, "ದರ್ಬಾರ್ ಮುಗೀತಾ ದೊರೆ? ರೈಟ್ ಅನ್ನಿ!" ಅಂತ ಕೂಗೋನು. ಅವರೂ ನಗೋರು.

ಮೂರು ವರ್ಷ ಕಿಟಕಿ ಪಕ್ಕದ ಸೀಟಿಗೆ ತಮ್ಮ ಟವೆಲ್ ಹಾಕಿ ನನಗೆ ಜಾಗ ಹಿಡಿದರು. ದೊರೆಯ ಟವೆಲ್ ಎತ್ತುವ ಧೈರ್ಯ ಯಾರಿಗಿತ್ತು? ನಾನು ಓದಿದ್ದರಲ್ಲಿ ಅರ್ಧ ಅಲ್ಲೇ ಓದಿದ್ದು.

ಕೊನೇ ವರ್ಷದ ಪರೀಕ್ಷೆಯ ಬೆಳಿಗ್ಗೆ ತುರುವೇಕೆರೆ ದಾಟಿದ ಮೇಲೆ ಬಸ್ಸು ಕೆಟ್ಟು ನಿಂತಿತು. ನನಗೆ ಅಳುವೇ ಬಂತು. ಬಿ.ಎ. ಆಗದು ಅಂದಿದ್ದ ಅಜ್ಜಿಯ ಮಾತು ನಿಜವಾಗಲು ಅಷ್ಟು ಸಾಕಿತ್ತು. ಅಷ್ಟರಲ್ಲಿ ಕೊಬ್ಬರಿ ಲಾರಿಯೊಂದು ಬಂತು. ಅವರು ರಸ್ತೆ ನಡುವೆ ಕೈ ಚಾಚಿ ನಿಂತುಬಿಟ್ಟರು.

"ಜಾಗ ಇಲ್ಲ ಕಣ್ರೀ ಕಂಡಕ್ಟ್ರೇ, ದಾರಿ ಬುಡ್ರೀ" ಅಂದ ಲಾರಿಯವನು.

"ಕಂಡಕ್ಟರ್ ಅಲ್ಲ ಕಣಯ್ಯ, ಕೋಟೆ ದೊರೆ ಹೇಳ್ತಾ ಇದೀನಿ. ಈ ಮಗೂನ ಕಾಲೇಜಿಗೆ ಮುಟ್ಟಿಸ್ಬೇಕು."

ಅವನು ಬೀಡಿ ಬಿಸಾಡಿ, ಕ್ಲೀನರನ್ನು ಮೂಟೆ ಮೇಲೆ ಹತ್ತಿಸಿ, ಮುಂದೆ ಜಾಗ ಮಾಡಿದ. ಅವರೂ ಜೊತೆಗೆ ಹತ್ತಿದರು. ದಾರಿಯುದ್ದಕ್ಕೂ ನನ್ನ ಮುಖ ನೋಡಲಿಲ್ಲ. ಕಾಲೇಜಿನ ಗೇಟಿನಲ್ಲಿ ಮಾತ್ರ, "ನಾನು ದೊರೆ ಅನ್ನೋ ಮಾತು ಇವತ್ತಿನ್ ತನಕ ಆಡಿರ್ಲಿಲ್ಲ ಕಣಮ್ಮ. ಪಾಸಾಗು" ಅಂದರು. ಗಂಟೆ ಹೊಡೆಯುತ್ತಿತ್ತು.

ಈಗ ಅವರಿಲ್ಲ. ಅಜ್ಜಿಯೂ ಇಲ್ಲ. ನಿಮ್ಮಿಂದ ಓದಿದೆ ಅಂತ ಬಾಯಿಬಿಟ್ಟು ಅವರಿಗೆ ಹೇಳಲೇ ಇಲ್ಲ ನಾನು... ಈ ಟಿಕೆಟ್ಟು ಪದವಿ ಪತ್ರ ತಂದ ದಿನದ್ದು. ಅವತ್ತು ಅಜ್ಜಿ ಜೊತೆಗಿದ್ದಳು. ಬಸ್ ಹತ್ತಿದವಳೇ ನಾನು ಪತ್ರವನ್ನು ದೊರೆಯ ಕೈಗೆ ಕೊಟ್ಟೆ. ಅವರು ಅಂಗೈ ಖಾಕಿಗೆ ಒರೆಸಿಕೊಂಡು, ಸ್ಟೆಪ್ನಿಯಿಂದ ಎದ್ದು ನಿಂತು, ಎರಡೂ ಕೈಯಲ್ಲಿ ತಗೊಂಡರು. ದೊರೆ ಎದ್ದದ್ದೇ ತಡ, ಇಡೀ ಬಸ್ಸು ದಡಬಡ ಎದ್ದಿತು. ಅಜ್ಜಿಯೂ ಎದ್ದಳು. ಎದ್ದವಳು ನನ್ನ ಹೆಗಲು ಒತ್ತಿ ಸೀಟಿನಲ್ಲಿ ಕೂರಿಸಿದಳು.

"ನೀ ಕೂತ್ಕಳೇ. ದೊರೆ ಎದ್ದಿರೋದು ನಿನ್ ಓದಿಗೆ ಕಣೇ."